ಇಲಿ ಗೆದ್ದ ಔಷಧ, ಮಗುವಿಗೆ ಬೇಕಾದ ಔಷಧ

ಔಷಧವನ್ನು ಕೊಬ್ಬಿನ ಅತಿಸೂಕ್ಷ್ಮ ಕಣದೊಳಗೆ ತುಂಬುವ ತಂತ್ರ 1990ರ ದಶಕದ ಆರಂಭದ್ದು. ತರ್ಕ ಸೊಗಸಾಗಿದೆ. ನುಂಗಿದ ಮಾತ್ರೆ ಕರುಳಿನಿಂದ ಮೊದಲು ಯಕೃತ್ತಿಗೆ ಹೋಗಿ ಅಲ್ಲೇ ಒಂದಷ್ಟು ಕರಗಿಹೋಗುತ್ತದೆ. ಕೊಬ್ಬಿನ ಕಣವಾದರೋ ತುಪ್ಪದ ಊಟದಂತೆ ದುಗ್ಧನಾಳ ಹಿಡಿದು, ಯಕೃತ್ತನ್ನು ತಪ್ಪಿಸಿಕೊಂಡು ರಕ್ತ ಸೇರಬಲ್ಲದು. ಇಲಿಗಳಲ್ಲಿ ಫಲಿತಾಂಶ ಚೆನ್ನಾಗಿಯೇ ಬರುತ್ತದೆ. ಆದರೆ ರಕ್ತದ ಕ್ಯಾನ್ಸರ್‌ಗೆಂದು ಬಾಯಿಯಲ್ಲಿ ನುಂಗುವ ಲಿಪಿಡ್ ನ್ಯಾನೋಕಣದ ಔಷಧ ಇನ್ನೂ ಅಂಗಡಿಗೆ ಬಂದಿಲ್ಲ. ರಕ್ತದ ಕ್ಯಾನ್ಸರ್‌ಗೆ 2017ರಲ್ಲಿ ಅಮೆರಿಕ ಒಪ್ಪಿದ ವೈಕ್ಸಿಯೋಸ್ ಕೂಡ ಲಿಪೋಸೋಮ್ ಎಂಬ ಕೊಬ್ಬಿನ ಗುಳ್ಳೆಯಲ್ಲಿ ತುಂಬಿದ ಔಷಧವೇ. ಅದನ್ನು ಕೊಡುವುದು ಮಾತ್ರ ರಕ್ತನಾಳಕ್ಕೆ.

ರಕ್ತದ ಕ್ಯಾನ್ಸರ್‌ನ ಇನ್ನೊಂದು ಔಷಧ ನಿಲೋಟಿನಿಬ್‌ನ ಕತೆ ಇನ್ನೂ ಸ್ವಾರಸ್ಯ. ಕೊಬ್ಬಿನ ಊಟದ ಜೊತೆ ನುಂಗಿದರೆ ಅದು ರಕ್ತಕ್ಕೆ ವಿಪರೀತ ಸೇರಿ ಹೃದಯಕ್ಕೆ ಅಪಾಯ ತರಬಹುದು; ಅದಕ್ಕೇ ಹಸಿದ ಹೊಟ್ಟೆಯ ಕಟ್ಟುನಿಟ್ಟು. 2024ರಲ್ಲಿ ಅಮೆರಿಕದಲ್ಲಿ ಊಟದ ಹಂಗಿಲ್ಲದ ಮಾತ್ರೆ ಬಂತು. ನ್ಯಾನೋದಿಂದಲ್ಲ, ಔಷಧದ ಲವಣರೂಪ ಬದಲಿಸಿ!

ಈಗ ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟದ ರೇಷ್ಮೆ ಬಿಚ್ಚಾಣಿಕೆಯ ಮನೆಗೆ ಬನ್ನಿ. ಆ ಮನೆಯ ಮಗುವಿಗೆ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್ ಎಂದುಕೊಳ್ಳೋಣ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಚಿಕಿತ್ಸೆಯ ಮೊದಲ ಹಂತಗಳು ಮುಗಿದ ಮೇಲೂ ಒಂದೂವರೆ, ಎರಡು ವರ್ಷ ದಿನವೂ ಮರ್ಕ್ಯಾಪ್ಟೊಪ್ಯೂರಿನ್ ಎಂಬ ಔಷಧ ಬೇಕು. ಮಾತ್ರೆ ಇರುವುದು 50 ಮಿ.ಗ್ರಾಂ.; ವೈದ್ಯರು ಬರೆದದ್ದು 30. ತಾಯಿ ಬ್ಲೇಡಿನಲ್ಲಿ ಹೋಳು ಮಾಡುತ್ತಾರೆ, ಒಂದು ಹೋಳು ದಪ್ಪ, ಇನ್ನೊಂದು ಪುಡಿ. ಆ ಪುಡಿ ಕ್ಯಾನ್ಸರ್ ಔಷಧ, ಕೈಗೆ ತಾಕಬಾರದ್ದು. ನುಂಗಿದ್ದರಲ್ಲೂ ರಕ್ತ ಸೇರುವುದು ಸರಾಸರಿ ಶೇ 16 ಎಂದು 1983ರಲ್ಲೇ ಗೊತ್ತಾಗಿತ್ತು. ಮಗುವಿನಿಂದ ಮಗುವಿಗೆ ಅದೂ ಏರುಪೇರು. ಕರುಳು, ಯಕೃತ್ತುಗಳ ಕ್ಸಾಂಥೀನ್ ಆಕ್ಸಿಡೇಸ್ ಎಂಬ ಕಿಣ್ವ ಉಳಿದದ್ದರಲ್ಲಿ ಬಹುಪಾಲನ್ನು ಮುರಿದುಹಾಕುತ್ತದೆ. ಇಂಥ ಔಷಧಕ್ಕೆ ಕೊಬ್ಬಿನ ಕವಚ ಹುಡುಕುವುದು ನ್ಯಾಯವೇ.

ಹಾಲಿನಲ್ಲೂ ಅದೇ ಕಿಣ್ವ ಇರುವುದರಿಂದ ‘ಹಾಲಿನ ಜೊತೆ ಬೇಡ’ ಎಂಬ ಸಲಹೆ ಬಹುಕಾಲ ನಡೆಯಿತು. ಹೈನುಗಾರಿಕೆಯ ಚಿಂತಾಮಣಿ, ಗೌರಿಬಿದನೂರಿನ ಮನೆಗಳಿಗೆ ಇದು ಸಣ್ಣ ಮಾತಲ್ಲ. ಅಮೆರಿಕದ ಮಕ್ಕಳ ಕ್ಯಾನ್ಸರ್ ತಜ್ಞರ ಗುಂಪು 2017ರಲ್ಲಿ ಹೇಳಿದ್ದು: ಹಾಲಿನ ಜೊತೆ ಕೊಟ್ಟರೂ ರೋಗ ಮರುಕಳಿಸುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಕಂಡದ್ದು ಡೋಸ್ ತಪ್ಪಿದಾಗ. ಶೇ 95ಕ್ಕಿಂತ ಕಡಿಮೆ ದಿನ ಔಷಧ ಸೇವಿಸಿದ ಮಕ್ಕಳಲ್ಲಿ ಮರುಕಳಿಕೆಯ ಅಪಾಯ 2.7 ಪಟ್ಟು ಎಂದು ಅದೇ ಗುಂಪಿನ 2015ರ ವರದಿ ತೋರಿಸಿತ್ತು.

ದಿನ ತಪ್ಪದೆ, ಸರಿಯಾಗಿ ಅಳೆದು ಕೊಡುವುದೇ ಮುಖ್ಯ. ಹಾಗಾಗಿ ಈ ತುಲನೆಯಲ್ಲಿ ಹೆಚ್ಚು ಅಂಕ ಹೋಗುವುದು ಒಂದು ಸಾದಾ ಬಾಟಲಿಗೆ. ಬೆಂಗಳೂರಿನ ಐಡಿಆರ್‌ಎಸ್ ಲ್ಯಾಬ್ಸ್, ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆ ಮತ್ತು ಅದರ ಸಂಶೋಧನಾ ಕೇಂದ್ರ ಆಕ್ಟ್ರೆಕ್ ಜೊತೆ ಸೇರಿ 2024ರಲ್ಲಿ ಮರ್ಕ್ಯಾಪ್ಟೊಪ್ಯೂರಿನ್‌ನ ದ್ರವರೂಪ ‘ಪ್ರಿವಾಲ್’ ತಂದಿತು. ಬಾಟಲಿಯ ಪುಡಿಗೆ ನೀರು ಬೆರೆಸಿದರೆ ಒಂದು ಮಿ.ಲೀ.ಗೆ 10 ಮಿ.ಗ್ರಾಂ. ಜೊತೆಗೇ ಬರುವ ಸಿರಿಂಜಿನಲ್ಲಿ 3 ಮಿ.ಲೀ. ಎಳೆದರೆ ಆ ಮಗುವಿನ 30 ಮಿ.ಗ್ರಾಂ. ಕರಾರುವಾಕ್ಕು. ಯುರೋಪಿಗೆ ಇಂಥದ್ದು 2012ರಲ್ಲೇ ಸಿಕ್ಕಿತ್ತು. ನಮಗೆ ಆದ ತಡ ಸಣ್ಣದೇನಲ್ಲ.

ನ್ಯಾನೋ ಸಂಶೋಧನೆ ನಡೆಯಲಿ. ಆದರೆ ಇಲಿಯಲ್ಲಿ ಹೀರಿಕೆ ಎಷ್ಟು ಪಟ್ಟು ಏರಿತು ಎಂಬ ನಕ್ಷೆಯ ಪಕ್ಕದಲ್ಲೇ, ಮಗುವಿನ ಡೋಸ್ ಅಳೆಯುವುದು ಹೇಗೆ, ಬೆಲೆ ಎಷ್ಟು, ಫ್ರಿಜ್ ಇಲ್ಲದ ಮನೆಯಲ್ಲಿ ಎಷ್ಟು ದಿನ ಕೆಡದೆ ಇದ್ದೀತು ಎಂಬುದನ್ನೂ ಸಂಶೋಧಕರು ಬರೆಯಲಿ. ಅಲ್ಲಿಯವರೆಗೆ ಆರೋಗ್ಯ ಇಲಾಖೆ ಈ ಸಿರಿಂಜಿನ ಬಾಟಲಿಯನ್ನು ಚಿಕ್ಕಬಳ್ಳಾಪುರದ ಜಿಲ್ಲಾಸ್ಪತ್ರೆಯಲ್ಲೇ ಉಚಿತವಾಗಿ ಸಿಗುವಂತೆ ಮಾಡಬೇಕು.