ಎತ್ತರದ ಚಿಮಣಿಯ ವಾದ

ವಿದ್ಯುತ್ ಕಂಪನಿಗಳು ಸರ್ಕಾರದ ಮುಂದಿಡುವ ಅಹವಾಲುಗಳಲ್ಲಿ ಸಾಮಾನ್ಯವಾಗಿ ಹಸಿ ಸುಳ್ಳು ಇರುವುದಿಲ್ಲ. ಕೊಡುವ ಅಂಕಿಗಳು ಬಹುಮಟ್ಟಿಗೆ ಸರಿಯಾಗಿಯೇ ಇರುತ್ತವೆ. ಆದರೆ ಅವನ್ನು ಎಲ್ಲಿ ನಿಂತು ಅಳೆದದ್ದು ಎಂದು ಕೇಳುವವರು ಕಡಿಮೆ. ಅಮೆರಿಕದ ಬಹು ದೊಡ್ಡ ವಿದ್ಯುತ್ ಸಂಸ್ಥೆಗಳಲ್ಲಿ ಒಂದಾದ ಅಮೆರಿಕನ್ ಎಲೆಕ್ಟ್ರಿಕ್ ಪವರ್, ಸಂಕ್ಷೇಪದಲ್ಲಿ ಎಇಪಿ, 1970ರ ದಶಕದಲ್ಲಿ ನಡೆಸಿದ ಪ್ರಚಾರ ಇದಕ್ಕೆ ಒಳ್ಳೆಯ ನಿದರ್ಶನ. ಅರ್ಧ ಶತಮಾನದ ಬಳಿಕ, 2025ರಲ್ಲಿ, ನಮ್ಮ ದೇಶದ ಒಂದು ಅಧಿಸೂಚನೆಯ ಹಿಂದೆಯೂ ಅದೇ ಬಗೆಯ ತರ್ಕ ಕಾಣಿಸಿಕೊಂಡಿರುವುದರಿಂದ ಆ ಕತೆಯನ್ನು ಮತ್ತೆ ನೋಡುವುದು ಅಗತ್ಯವಾಗಿದೆ.

ಮೊದಲು ಸ್ವಲ್ಪ ರಸಾಯನಶಾಸ್ತ್ರ. ಕಲ್ಲಿದ್ದಲಿನಲ್ಲಿ ಕಾರ್ಬನ್ನಿನ ಜೊತೆಗೆ ಗಂಧಕವೂ ಇರುತ್ತದೆ. ಉರಿದಾಗ ಅದು ಸಲ್ಫರ್ ಡೈಆಕ್ಸೈಡ್ ಆಗಿ ಚಿಮಣಿಯಿಂದ ಹೊರಬೀಳುತ್ತದೆ. ಅದನ್ನು ತಡೆಯಲು ಹೊಗೆಯನ್ನು ಸುಣ್ಣಕಲ್ಲಿನ ಪುಡಿ ಬೆರೆತ ನೀರಿನ ತುಂತುರಿನಲ್ಲಿ ಹಾಯಿಸುತ್ತಾರೆ. ಈ ಸಾಧನಕ್ಕೆ ಸ್ಕ್ರಬರ್ ಎಂದು ಹೆಸರು. ನಮ್ಮ ಸ್ಥಾವರಗಳಲ್ಲಿ ಎಫ್‌ಜಿಡಿ ಎಂಬ ಸಂಕ್ಷೇಪವೇ ಬಳಕೆಯಲ್ಲಿದೆ. ಸುಣ್ಣಕಲ್ಲು ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಅದು ಸಲ್ಫರ್ ಡೈಆಕ್ಸೈಡನ್ನು ಹಿಡಿದು ಕ್ಯಾಲ್ಸಿಯಂ ಸಲ್ಫೈಟ್ ಆಗುತ್ತದೆ, ಕಾರ್ಬನ್ ಡೈಆಕ್ಸೈಡ್ ಬಿಡುಗಡೆಯಾಗುತ್ತದೆ. ಸಲ್ಫೈಟ್ ಕೆಸರಿಗೆ ಗಾಳಿ ಊದಿದರೆ ಜಿಪ್ಸಮ್ ಸಿಗುತ್ತದೆ. ಚೆನ್ನಾಗಿ ನಡೆಸಿದ ಸ್ಕ್ರಬರ್ ಶೇ. 90ಕ್ಕಿಂತ ಹೆಚ್ಚು ಸಲ್ಫರ್ ಡೈಆಕ್ಸೈಡನ್ನು ತಡೆಯಬಲ್ಲದು.

ಅಮೆರಿಕದ ಶುದ್ಧ ವಾಯು ಕಾಯಿದೆ 1970ರಲ್ಲಿ ಬಿಗಿಯಾದಾಗ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಸ್ಕ್ರಬರ್‌ಗಳ ಪರ ನಿಂತಿತು. ಓಹಿಯೊ, ವೆಸ್ಟ್ ವರ್ಜೀನಿಯ ಮುಂತಾದ ರಾಜ್ಯಗಳಲ್ಲಿ ಗಂಧಕ ಹೆಚ್ಚಿರುವ ಕಲ್ಲಿದ್ದಲನ್ನು ಉರಿಸುತ್ತಿದ್ದ ಎಇಪಿಗೆ ಇದು ಹಿಡಿಸಲಿಲ್ಲ. ಡೊನಾಲ್ಡ್ ಕುಕ್ ಆಗ ಅದರ ಅಧ್ಯಕ್ಷ. 1974ರಲ್ಲಿ ಕಂಪನಿಯು ಸ್ಕ್ರಬರ್‌ಗಳ ವಿರುದ್ಧ ಪತ್ರಿಕೆಗಳಲ್ಲಿ ಜಾಹೀರಾತುಗಳ ಸರಮಾಲೆಯನ್ನೇ ಪ್ರಕಟಿಸಿತು. ಹಿಂದಿನ ವರ್ಷವಷ್ಟೇ ಅರಬ್ ರಾಷ್ಟ್ರಗಳು ತೈಲ ನಿರ್ಬಂಧ ಹೇರಿದ್ದವು. ಕಲ್ಲಿದ್ದಲಿಗೆ ಅಡ್ಡಿ ಮಾಡುವುದು ದೇಶಕ್ಕೇ ಹಾನಿ ಎಂಬ ಮಾತು ಜನರಿಗೆ ಸುಲಭವಾಗಿ ನಾಟುವಂತಿತ್ತು. ಸಂಸ್ಥೆಯ ಆಡಳಿತಾಧಿಕಾರಿ ರಸೆಲ್ ಟ್ರೇನ್ ಬಹಿರಂಗವಾಗಿಯೇ ಈ ಪ್ರಚಾರವನ್ನು ಖಂಡಿಸಬೇಕಾಯಿತು.

ಎಇಪಿಯ ವಾದವನ್ನು ನ್ಯಾಯವಾಗಿ ನೋಡೋಣ. ಸ್ಕ್ರಬರ್ ಇನ್ನೂ ಪಳಗದ ಯಂತ್ರ, ಅದರಿಂದ ರಾಶಿ ರಾಶಿ ಕೆಸರು ಬರುತ್ತದೆ ಎಂದು ಅದು ಹೇಳಿತು. ಆ ಕಾಲಕ್ಕೆ ಇದರಲ್ಲಿ ಹುರುಳಿತ್ತು. ಸಲ್ಫೈಟ್ ಕೆಸರು ನೀರು ಬಿಡದೆ ಅಂಟಂಟಾಗಿ ನಿಲ್ಲುತ್ತಿತ್ತು. ಗಾಳಿ ಊದಿ ಜಿಪ್ಸಮ್ ಮಾಡುವ ವಿಧಾನ ವ್ಯಾಪಕವಾಗಿ ಬಳಕೆಗೆ ಬಂದದ್ದು ಆಮೇಲೆ. ದೋಷವಿದ್ದದ್ದು ಕಂಪನಿ ಸೂಚಿಸಿದ ಬದಲಿ ಉಪಾಯದಲ್ಲಿ: ಚಿಮಣಿಯನ್ನು ಎತ್ತರಿಸಿ, ಹವೆ ಸರಿಯಿಲ್ಲದ ದಿನ ಉತ್ಪಾದನೆ ತಗ್ಗಿಸಿದರೆ ಸಾಕು ಎಂಬುದು. ವೆಸ್ಟ್ ವರ್ಜೀನಿಯದ ಮಿಚೆಲ್ ಸ್ಥಾವರದಲ್ಲಿ 1971ರಲ್ಲೇ 365 ಮೀಟರಿಗೂ ಎತ್ತರದ ಚಿಮಣಿ ಎದ್ದಿತ್ತು. ಕುತುಬ್ ಮಿನಾರಿನ ಐದು ಪಟ್ಟು! ಓಹಿಯೊದ ಗ್ಯಾವಿನ್ ಸ್ಥಾವರದ ಚಿಮಣಿ 336 ಮೀಟರ್.

ಇಂಥ ಚಿಮಣಿ ಕಟ್ಟಿದರೆ ಸ್ಥಾವರದ ಸುತ್ತಲಿನ ನೆಲಮಟ್ಟದಲ್ಲಿ ಸಲ್ಫರ್ ಡೈಆಕ್ಸೈಡ್ ಪ್ರಮಾಣ ನಿಜವಾಗಿಯೂ ಇಳಿಯುತ್ತದೆ. ಕಾನೂನು ಅಳೆಯಲು ಹೇಳಿದ್ದೂ ನೆಲಮಟ್ಟದ ಗಾಳಿಯನ್ನೇ. ಹಾಗಾಗಿ ಕಂಪನಿಯ ಅಂಕಿ ಸರಿ. ಆದರೆ ಚಿಮಣಿಯ ಬಾಯಿಂದ ಹೊರಬಿದ್ದ ಗಂಧಕದಲ್ಲಿ ಒಂದು ಗ್ರಾಮೂ ಕಡಿಮೆಯಾಗಿಲ್ಲ. ಮೇಲಿನ ಗಾಳಿಯಲ್ಲಿ ಸಲ್ಫರ್ ಡೈಆಕ್ಸೈಡ್ ಒಂದರಿಂದ ಕೆಲವು ದಿನಗಳ ಕಾಲ ಉಳಿದು, ಕ್ರಮೇಣ ಸಲ್ಫ್ಯೂರಿಕ್ ಆಮ್ಲವಾಗಿ, ಸಲ್ಫೇಟ್ ಕಣಗಳಾಗಿ ಮಾರ್ಪಡುತ್ತದೆ. ಗಂಟೆಗೆ 20 ಕಿ.ಮೀ. ವೇಗದ ಸಾಧಾರಣ ಗಾಳಿಯೂ ದಿನಕ್ಕೆ 480 ಕಿ.ಮೀ. ಸಾಗುತ್ತದೆ. ಓಹಿಯೊ ಕಣಿವೆಯ ಗಂಧಕ ನ್ಯೂಯಾರ್ಕ್ ರಾಜ್ಯದ ಅಡಿರಾಂಡಾಕ್ ಬೆಟ್ಟಗಳ ಕೆರೆಗಳ ಮೇಲೆ, ಕೆನಡಾದ ಮೇಲೆ ಆಮ್ಲಮಳೆಯಾಗಿ ಸುರಿದದ್ದು ಹೀಗೆ. ಇದು ಆಗ ಯಾರಿಗೂ ತಿಳಿಯದ ವಿಷಯವಾಗಿರಲಿಲ್ಲ. ನೆರೆ ದೇಶಗಳ ಗಂಧಕ ತನ್ನ ಸರೋವರಗಳನ್ನು ಕೆಡಿಸುತ್ತಿದೆ ಎಂದು ಸ್ವೀಡನ್ 1972ರ ಸ್ಟಾಕ್‌ಹೋಮ್ ಸಮ್ಮೇಳನದಲ್ಲೇ ಜಗತ್ತಿನ ಮುಂದೆ ಹೇಳಿತ್ತು. ಎಇಪಿಯ ಜಾಹೀರಾತುಗಳು ಬಂದದ್ದು ಅದಾದ ಎರಡು ವರ್ಷಕ್ಕೆ.

ಮುಂದಿನದನ್ನು ಚುಟುಕಾಗಿ ಹೇಳಬಹುದು. ಹೊಗೆ ಶುದ್ಧೀಕರಣಕ್ಕೆ ಬದಲಾಗಿ ಎತ್ತರದ ಚಿಮಣಿಯನ್ನು ಲೆಕ್ಕಕ್ಕೆ ಹಿಡಿಯಲಾಗದು ಎಂದು 1977ರ ತಿದ್ದುಪಡಿ ವಿಧಿಸಿತು. ಹಳೆಯ ಸ್ಥಾವರಗಳು ಮಾತ್ರ ಬಹುಕಾಲ ನುಣುಚಿಕೊಂಡವು. 1990ರ ತಿದ್ದುಪಡಿಯು ದೇಶದ ಒಟ್ಟು ಗಂಧಕ ವಿಸರ್ಜನೆಗೇ ಮಿತಿ ಹಾಕಿ, ಆ ಮಿತಿಯೊಳಗೆ ಕಂಪನಿಗಳು ಪರವಾನಗಿಗಳನ್ನು ಕೊಂಡು ಮಾರುವ ಪದ್ಧತಿ ತಂದಿತು. ಟನ್ನಿಗೆ 1,500 ಡಾಲರ್‌ವರೆಗೂ ವೆಚ್ಚವಾದೀತೆಂದು ಉದ್ಯಮ ಎಚ್ಚರಿಸಿತ್ತು. 1990ರ ದಶಕದ ಉತ್ತರಾರ್ಧದಲ್ಲಿ ಪರವಾನಗಿಯ ಬೆಲೆ ಸುಮಾರು 70ರಿಂದ 200 ಡಾಲರ್ ನಡುವೆ ಆಡುತ್ತಿತ್ತು. ಅಮೆರಿಕದ ವಿದ್ಯುತ್ ಕ್ಷೇತ್ರದ ಸಲ್ಫರ್ ಡೈಆಕ್ಸೈಡ್ 1990ರಲ್ಲಿ ಸುಮಾರು 157 ಲಕ್ಷ ಟನ್ ಇದ್ದದ್ದು 2020ರಲ್ಲಿ 10 ಲಕ್ಷ ಟನ್ನಿಗಿಂತ ಕೆಳಗಿಳಿಯಿತು. ಇದರ ಶ್ರೇಯಸ್ಸೆಲ್ಲ ಸ್ಕ್ರಬರಿಗೆ ಸಲ್ಲದು. ವಯೋಮಿಂಗಿನ ಕಡಿಮೆ ಗಂಧಕದ ಕಲ್ಲಿದ್ದಲು, ನಂತರ ನೈಸರ್ಗಿಕ ಅನಿಲ ಇವುಗಳ ಪಾಲೂ ದೊಡ್ಡದು.

ಎಇಪಿ ಕೊನೆಗೆ ತೆತ್ತ ಬೆಲೆಯನ್ನೂ ನೋಡಬೇಕು. ಹಳೆಯ ಸ್ಥಾವರಗಳನ್ನು ನಿಯಮ ಮೀರಿ ನವೀಕರಿಸಿದೆ ಎಂದು 1999ರಲ್ಲಿ ಅದರ ಮೇಲೆ ಮೊಕದ್ದಮೆ ಹೂಡಲಾಯಿತು. 2007ರ ರಾಜಿಯಲ್ಲಿ ಸುಮಾರು 460 ಕೋಟಿ ಡಾಲರ್ ಮೌಲ್ಯದ ಮಾಲಿನ್ಯ ನಿಯಂತ್ರಣ ಸಾಧನಗಳನ್ನು ಅಳವಡಿಸಲು ಅದು ಒಪ್ಪಿತು. ಗ್ಯಾವಿನ್ ಸ್ಥಾವರಕ್ಕೆ 1990ರ ದಶಕದ ಮಧ್ಯದಲ್ಲಿಯೇ ಸ್ಕ್ರಬರ್ ಬಂದಿತ್ತು. 2001ರಲ್ಲಿ ನೈಟ್ರೋಜನ್ ಆಕ್ಸೈಡ್‌ಗಳನ್ನು ತಗ್ಗಿಸಲು ಕ್ರಿಯಾವರ್ಧಕ ಘಟಕವನ್ನು ಜೋಡಿಸಿದಾಗ ವಿಚಿತ್ರ ತೊಂದರೆ ಎದುರಾಯಿತು. ಆ ಕ್ರಿಯಾವರ್ಧಕವು ಸಲ್ಫರ್ ಡೈಆಕ್ಸೈಡಿನ ಒಂದಂಶವನ್ನು ಟ್ರೈಆಕ್ಸೈಡ್ ಆಗಿಸಿತು. ಅದು ನೀರಾವಿಯೊಡನೆ ಸೇರಿ ಸಲ್ಫ್ಯೂರಿಕ್ ಆಮ್ಲದ ನವಿರಾದ ನೀಲಿ ಮಂಜಾಗಿ ಪಕ್ಕದ ಚೆಷೈರ್ ಹಳ್ಳಿಯ ಮೇಲೆ ಇಳಿಯಿತು. 2002ರಲ್ಲಿ ಕಂಪನಿ ಸುಮಾರು 2 ಕೋಟಿ ಡಾಲರ್ ಕೊಟ್ಟು ಹಳ್ಳಿಯ ಹೆಚ್ಚುಕಡಿಮೆ ಎಲ್ಲ ಮನೆಗಳನ್ನೂ ಕೊಂಡುಕೊಂಡಿತು. ಅಲ್ಲಿದ್ದವರು ಇನ್ನೂರಿಪ್ಪತ್ತು ಜನ.

ಇನ್ನು ನಮ್ಮ ದೇಶಕ್ಕೆ ಬರೋಣ. 2015ರ ಡಿಸೆಂಬರ್‌ವರೆಗೆ ಭಾರತದ ಉಷ್ಣವಿದ್ಯುತ್ ಸ್ಥಾವರಗಳಿಗೆ ಸಲ್ಫರ್ ಡೈಆಕ್ಸೈಡ್ ವಿಸರ್ಜನೆಯ ಮಿತಿಯೇ ಇರಲಿಲ್ಲ. ಇದ್ದದ್ದು ಚಿಮಣಿಯ ಎತ್ತರದ ನಿಯಮ ಮಾತ್ರ: 500 ಮೆಗಾವಾಟ್ ಮತ್ತು ಮೇಲಿನ ಘಟಕಗಳಿಗೆ 275 ಮೀಟರ್. ಶಕ್ತಿನಗರ, ಕುಡತಿನಿಗಳಲ್ಲಿ ದೂರದಿಂದಲೇ ಕಾಣುವ ಚಿಮಣಿಗಳ ಹಿಂದೆ ಇರುವುದು ಈ ಬಗೆಯ ನಿಯಮವೇ. 2015ರ ಅಧಿಸೂಚನೆ ಮೊದಲ ಬಾರಿಗೆ ಮಿತಿ ಹಾಕಿ ಎರಡು ವರ್ಷಗಳ ಗಡುವು ಕೊಟ್ಟಿತು. ವೆಚ್ಚ, ಯಂತ್ರಗಳ ಕೊರತೆ, ದರ ಏರಿಕೆ ಎಂಬ ಕಾರಣಗಳನ್ನು ಮುಂದಿಟ್ಟು ಉತ್ಪಾದಕ ಕಂಪನಿಗಳು ಕಾಲಾವಕಾಶ ಕೇಳುತ್ತ ಬಂದವು. ಗಡುವು 2017ರಿಂದ 2022ಕ್ಕೆ ಜಾರಿತು. ಬಳಿಕ 2024ರಿಂದ 2026ರ ನಡುವಿಗೆ, ಅನಂತರ 2027ರಿಂದ 2029ರ ನಡುವಿಗೆ. 2025ರ ಜುಲೈ 11ರ ಅಧಿಸೂಚನೆ ಸುಮಾರು ಶೇ. 78ರಷ್ಟು ಘಟಕಗಳಿಗೆ ಸಲ್ಫರ್ ಡೈಆಕ್ಸೈಡ್ ಮಿತಿಯಿಂದಲೇ ವಿನಾಯಿತಿ ನೀಡಿತು. ಅದಕ್ಕೊಂದು ಷರತ್ತು: ಚಿಮಣಿಯ ಎತ್ತರ ನಿಯಮದಂತಿರಬೇಕು.

ವಿನಾಯಿತಿಗೆ ಆಧಾರವಾಗಿ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯೂ ಸೇರಿ ಹೆಸರಾಂತ ಸಂಸ್ಥೆಗಳ ಅಧ್ಯಯನಗಳನ್ನು ಉಲ್ಲೇಖಿಸಲಾಗಿದೆ. ಅವನ್ನು ತಳ್ಳಿಹಾಕುವುದು ತರವಲ್ಲ. ಆದರೆ ಅಲ್ಲಿಂದ ಆಯ್ದು ಮುಂದಿಟ್ಟ ವಾದಗಳನ್ನು ಪಿಯುಸಿ ವಿದ್ಯಾರ್ಥಿಯೂ ಪರೀಕ್ಷಿಸಬಹುದು.

ಭಾರತದ ಕಲ್ಲಿದ್ದಲಿನಲ್ಲಿ ಗಂಧಕ ಸುಮಾರು ಶೇ. 0.5 ಮಾತ್ರ ಎನ್ನುತ್ತಾರೆ. ನಿಜ. ಆದರೆ ಬೂದಿ ಹೆಚ್ಚಿರುವ ನಮ್ಮ ಕಲ್ಲಿದ್ದಲನ್ನು ಯೂನಿಟ್ಟಿಗೆ ಸುಮಾರು 0.65 ಕಿಲೊಗ್ರಾಮ್ ಉರಿಸಬೇಕು. 500 ಮೆಗಾವಾಟ್ ಘಟಕ ಪೂರ್ಣ ಸಾಮರ್ಥ್ಯದಲ್ಲಿ ದಿನಕ್ಕೆ 7,800 ಟನ್ ನುಂಗುತ್ತದೆ. ಅದರಲ್ಲಿ ಗಂಧಕ 39 ಟನ್, ಹೊರಬೀಳುವ ಸಲ್ಫರ್ ಡೈಆಕ್ಸೈಡ್ ಅದರ ಎರಡರಷ್ಟು, 78 ಟನ್. ಒಂದೇ ಘಟಕದಿಂದ, ಒಂದೇ ದಿನಕ್ಕೆ.

ಇನ್ನೊಂದು ವಾದ: ಸ್ಕ್ರಬರ್ ಹಾಕಿದರೆ 2025ರಿಂದ 2030ರೊಳಗೆ 170 ಲಕ್ಷ ಟನ್ ಸಲ್ಫರ್ ಡೈಆಕ್ಸೈಡ್ ಕಡಿಮೆಯಾಗುತ್ತದೆ, ಆದರೆ 690 ಲಕ್ಷ ಟನ್ ಕಾರ್ಬನ್ ಡೈಆಕ್ಸೈಡ್ ಹೆಚ್ಚುತ್ತದೆ. ಎರಡನೆಯ ಅಂಕಿ ಎದೆ ನಡುಗಿಸುವಂತಿದೆ. ಸುಣ್ಣಕಲ್ಲಿನ ಕ್ರಿಯೆಯಲ್ಲಿ 64 ಗ್ರಾಮ್ ಸಲ್ಫರ್ ಡೈಆಕ್ಸೈಡಿಗೆ 44 ಗ್ರಾಮ್ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಅದರಂತೆ 170 ಲಕ್ಷಕ್ಕೆ 117 ಲಕ್ಷ ಟನ್. ಮಿಕ್ಕದ್ದು ಪಂಪು, ಫ್ಯಾನುಗಳಿಗೆ ತಗಲುವ ವಿದ್ಯುತ್ತಿನ ಲೆಕ್ಕವೆಂದೇ ಇಟ್ಟುಕೊಳ್ಳೋಣ. ದೇಶದ ವಿದ್ಯುತ್ ಕ್ಷೇತ್ರ ವರ್ಷಕ್ಕೆ 100 ಕೋಟಿ ಟನ್ನಿಗೂ ಹೆಚ್ಚು ಕಾರ್ಬನ್ ಡೈಆಕ್ಸೈಡ್ ಹೊರಬಿಡುತ್ತದೆ. ಆರು ವರ್ಷಕ್ಕೆ 600 ಕೋಟಿ, ಅದರಲ್ಲಿ 6.9 ಕೋಟಿ ಎಂದರೆ ಶೇ. 1ರ ಆಸುಪಾಸು. ಹವಾಮಾನದ ಹೆಸರಿನಲ್ಲಿ ಕಲ್ಲಿದ್ದಲನ್ನು ಉಳಿಸಿಕೊಂಡು ಸ್ಕ್ರಬರನ್ನು ಮಾತ್ರ ಕೈಬಿಡುವ ಈ ಕಾಳಜಿ ಸ್ವಲ್ಪ ವಿಚಿತ್ರವೇ ಸರಿ.

ಎಲ್ಲಕ್ಕಿಂತ ಮುಖ್ಯವಾದದ್ದು ಅಳತೆಯ ಪ್ರಶ್ನೆ. ಬಹುತೇಕ ನಗರಗಳ ಗಾಳಿಯಲ್ಲಿ ಸಲ್ಫರ್ ಡೈಆಕ್ಸೈಡ್ ಘನ ಮೀಟರಿಗೆ 80 ಮೈಕ್ರೋಗ್ರಾಮ್ ಎಂಬ ಮಿತಿಗಿಂತ ಬಹಳ ಕೆಳಗಿದೆ, ಆದ್ದರಿಂದ ಸ್ಕ್ರಬರ್ ಅನಗತ್ಯ ಎನ್ನಲಾಗುತ್ತದೆ. ಇದು 1974ರ ಅಂಕಿಯಂತೆಯೇ ಸರಿಯಾದ ಅಂಕಿ. ನಗರದ ಮಾಪಕವನ್ನು ತಲುಪುವ ಹೊತ್ತಿಗೆ ಆ ಅನಿಲದ ದೊಡ್ಡ ಪಾಲು ಸಲ್ಫೇಟ್ ಆಗಿ 2.5 ಮೈಕ್ರಾನಿಗಿಂತ ಸಣ್ಣ ಕಣಗಳ ಲೆಕ್ಕಕ್ಕೆ ಸೇರಿಹೋಗಿರುತ್ತದೆ. ಮಾಪಕ ಅದನ್ನು ಧೂಳೆಂದು ಬರೆದುಕೊಳ್ಳುತ್ತದೆ. ಘಟಕಗಳನ್ನು ವಿಂಗಡಿಸಿರುವುದು ಹತ್ತು ಲಕ್ಷಕ್ಕೂ ಹೆಚ್ಚು ಜನವಿರುವ ನಗರ ಮುಂತಾದವು 10 ಕಿ.ಮೀ. ಒಳಗಿವೆಯೇ ಎಂಬುದರ ಮೇಲೆ. 275 ಮೀಟರ್ ಎತ್ತರದಿಂದ ಹೊರಟ ಹೊಗೆ ಆ 10 ಕಿ.ಮೀ. ದಾಟಲು ಸಾಧಾರಣ ಗಾಳಿಯಲ್ಲಿ ಅರ್ಧ ಗಂಟೆ ಸಾಕು. ಸಣ್ಣ ಕಣಗಳನ್ನು ಶೋಧಕದ ಮೇಲೆ ಹಿಡಿದು, ಅವುಗಳಲ್ಲಿ ಸಲ್ಫೇಟ್ ಎಷ್ಟೆಂದು ಸ್ಥಾವರಗಳಿಂದ ನೂರಾರು ಕಿ.ಮೀ. ದೂರದವರೆಗೂ, ಎಲ್ಲ ಋತುಗಳಲ್ಲೂ ಅಳೆದ ದತ್ತಾಂಶವನ್ನು ಮುಂದಿಟ್ಟು ಕಂಪನಿಗಳು ವಿನಾಯಿತಿ ಕೇಳಿದ್ದರೆ ಚರ್ಚೆಯೇ ಬೇರೆಯಾಗುತ್ತಿತ್ತು.