ಒಂದು ಪತ್ರಿಕೆ, ಎರಡು ಕಾರ್ಡು

ಪ್ರತಿ ಜುಲೈ 1ರಂದು ನಮ್ಮಲ್ಲಿ ಪತ್ರಿಕಾ ದಿನಾಚರಣೆ. 1843ರ ಆ ದಿನ ಹರ್ಮನ್ ಮೊಗ್ಲಿಂಗ್ 'ಮಂಗಳೂರ ಸಮಾಚಾರ'ದ ಮೊದಲ ಸಂಚಿಕೆ ಹೊರತಂದರು. ಭಾಷಣಗಳು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತವೆ. ಆದರೆ ವರ್ಷ ತುಂಬುವ ಮೊದಲೇ, 1844ರ ಮಾರ್ಚ್‌ನಲ್ಲಿ, ಆ ಪತ್ರಿಕೆ ಗಂಟುಮೂಟೆ ಕಟ್ಟಿಕೊಂಡು ಬಳ್ಳಾರಿಗೆ ಹೋಯಿತು. ಮಂಗಳೂರಿನಲ್ಲಿ ಇದ್ದದ್ದು ಕಲ್ಲಚ್ಚು, ಬಳ್ಳಾರಿಯಲ್ಲಿ ಅಚ್ಚುಮೊಳೆಯ ಅನುಕೂಲವಿತ್ತು. ಊರು ಬಿಟ್ಟ ಮೇಲೆ ಊರಿನ ಹೆಸರು ಯಾಕೆ? ಪತ್ರಿಕೆ 'ಕನ್ನಡ ಸಮಾಚಾರ' ಆಯಿತು.

ಈಗ ನೀವು ಗ್ರಂಥಾಲಯದ ಸೂಚೀಕಾರರ ಕುರ್ಚಿಯಲ್ಲಿ ಕೂತು ಇದಕ್ಕೊಂದು ಕಾರ್ಡು ಬರೆಯಿರಿ ನೋಡೋಣ. ಕೊನೆಯ ಹೆಸರಿನಲ್ಲಿ ಬರೆದರೆ ಕನ್ನಡದ ಮೊದಲ ಪತ್ರಿಕೆ ಬಳ್ಳಾರಿಯದಾಗುತ್ತದೆ, ಮಂಗಳೂರು ಅಡಿಟಿಪ್ಪಣಿಗೆ ಇಳಿಯುತ್ತದೆ. ಮೊದಲ ಹೆಸರಿನಲ್ಲಿ ಬರೆದರೆ 'ಕನ್ನಡ ಸಮಾಚಾರ' ಹುಡುಕಿಕೊಂಡು ಬಂದವನು ಬರಿಗೈಲಿ ಹೋಗುತ್ತಾನೆ. ಕಾರ್ಡಿನ ಅಗಲ ಮೂರು ಚಿಲ್ಲರೆ ಅಂಗುಲ, ಎತ್ತರ ಐದು. ತಪ್ಪು, ಅಗಲ ಐದು, ಎತ್ತರ ಮೂರು. ನೋಡಿ, ಕಾರ್ಡಿನ ಅಳತೆಗೇ ತಡವರಿಸುವ ನಾನು ನಲವತ್ತು ವರ್ಷದಿಂದ ಕಾರ್ಡು ಓದುವ ಚಟ ಹಚ್ಚಿಕೊಂಡವನು. ಸರಳು ಪೋಣಿಸಿದ ಮರದ ಡ್ರಾಯರ್ ಕಂಡರೆ ಎಳೆಯದೆ ಬಿಡುವವನಲ್ಲ. ಅದರಲ್ಲೂ ಹೆಸರು ಬದಲಿಸಿದ ಪತ್ರಿಕೆಗಳ ಕಾರ್ಡೇ ನನಗೆ ಹೆಚ್ಚು ರುಚಿ.

ಈ ಪೇಚು ಹಳೆಯದು. 1908ರಲ್ಲಿ ಇಂಗ್ಲೆಂಡ್ ಮತ್ತು ಅಮೆರಿಕದ ಗ್ರಂಥಪಾಲಕರು ಒಟ್ಟಿಗೆ ಕೂತು 174 ಸೂತ್ರಗಳ ಒಂದು ಸಂಹಿತೆ ಮಾಡಿದರು. ಎಂಟರಲ್ಲಿ ಮಾತ್ರ ಭಿನ್ನಮತ ಉಳಿಯಿತು. ಪತ್ರಿಕೆ ಹೆಸರು ಬದಲಿಸಿದರೆ ಮೊದಲಿನದೇ ಇರಲಿ ಎಂದರು ಬ್ರಿಟಿಷರು, ಕೊನೆಯದಿರಲಿ ಎಂದರು ಅಮೆರಿಕನ್ನರು. ಮದುವೆಯಾಗಿ ಹೆಸರು ಬದಲಿಸಿಕೊಂಡ ಲೇಖಕಿಯರ ವಿಷಯದಲ್ಲೂ ಇದೇ ಜಗಳ. ನಮ್ಮ ಕಡೆ ಅಕ್ಕಿ ಹರಡಿದ ತಟ್ಟೆಯಲ್ಲಿ ಉಂಗುರದಿಂದ ಸೊಸೆಯ ಹೊಸ ಹೆಸರು ಬರೆಸುವುದುಂಟಲ್ಲ, ಹಾಗೆ. ಬ್ರಿಟಿಷರದು ತವರಿನ ಪಕ್ಷ, ಅಮೆರಿಕದವರದು ಗಂಡನ ಮನೆಯ ಪಕ್ಷ.

ಅಮೆರಿಕದ ಪದ್ಧತಿ ನೋಡಲು ಅಚ್ಚುಕಟ್ಟು. ಒಂದು ಪತ್ರಿಕೆಯ ಪೂರ್ತಿ ಚರಿತ್ರೆ ಒಂದೇ ಕಡೆ ಸಿಗುತ್ತದೆ. ಆದರೆ ಹೆಸರು ಬದಲಾದಾಗಲೆಲ್ಲ ಹಳೇ ಕಾರ್ಡು ಕಿತ್ತು ಹೊಸದು ಬರೆಯಬೇಕು, ಕಪಾಟಿನ ಸಂಪುಟಗಳನ್ನೂ ಜರುಗಿಸಬೇಕು. 1967ರ ಆಂಗ್ಲೋ-ಅಮೆರಿಕನ್ ಸಂಹಿತೆ ಬೇರೆ ದಾರಿ ಹಿಡಿಯಿತು: ಪ್ರತಿ ಹೆಸರಿಗೂ ಅದರದೇ ಕಾರ್ಡು, ಒಂದರಿಂದ ಇನ್ನೊಂದಕ್ಕೆ ಕೊಂಡಿ. ಲೈಬ್ರರಿ ಆಫ್ ಕಾಂಗ್ರೆಸ್ 1971ರಲ್ಲಿ ಇದನ್ನು ಒಪ್ಪಿತು. ಇವತ್ತಿನ ಕಂಪ್ಯೂಟರ್ ದಾಖಲೆಯಲ್ಲಿ ಆ ಕೊಂಡಿಗಳಿಗೆ 780, 785 ಎಂಬ ಸಂಖ್ಯೆಗಳಿವೆ. ಮೊದಲನೆಯದರಲ್ಲಿ ಹಿಂದಿನ ಹೆಸರು, ಎರಡನೆಯದರಲ್ಲಿ ಮುಂದಿನದು. ಹೊಸ ಹೆಸರಿಗೆ ಹೊಸ ಐಎಸ್‌ಎಸ್‌ಎನ್, ಅಂದರೆ ನಿಯತಕಾಲಿಕದ ಗುರುತು ಸಂಖ್ಯೆ, ಕೂಡ ಬೇಕು.

ನನ್ನ ಮತ ಇದಕ್ಕೇ. ಕಾರಣ, ಓದುಗನ ಕೈಯಲ್ಲಿರುವ ಚೀಟಿ. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು, 'ಮೈಸೂರು ಲಾ ಜರ್ನಲ್' 'ಕರ್ನಾಟಕ ಲಾ ಜರ್ನಲ್' ಆಯಿತು. 1965ರ ತೀರ್ಪೊಂದು ಬೇಕಾದ ವಕೀಲರ ಚೀಟಿಯಲ್ಲಿ ಇರುವುದು 'ಮೈಸೂರು' ಎಂದೇ, ಸಂಪುಟದ ಬೆನ್ನ ಮೇಲೆ ಅಚ್ಚಾಗಿರುವುದೂ ಅದೇ. ರಾಜ್ಯದ ಹೆಸರು ಹೋಯಿತೆಂದು ತೀರ್ಪಿನ ಉಲ್ಲೇಖ ಹೋಗುವುದಿಲ್ಲ. ಚೀಟಿ, ಬೆನ್ನು, ಕಾರ್ಡು ಮೂರರಲ್ಲೂ ಒಂದೇ ಹೆಸರಿದ್ದರೆ ಅಟೆಂಡರ್ ಕೂಡ ಪುಸ್ತಕ ತಂದುಕೊಟ್ಟಾನು.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಸಂಪಾದಕರು ಒಂದು ಪದ ಹಿಂದೆಮುಂದೆ ಮಾಡಿದರೂ ಹೊಸ ಕಾರ್ಡು. 1970ರ ದಶಕದಲ್ಲಿ ಅಮೆರಿಕದ ಕೆಲವು ಗ್ರಂಥಪಾಲಕರು ರೇಗಿ, ದುಬಾರಿಯಾದ, ಪೆದ್ದುತನದ, ಬೇಡದ ಹೆಸರು ಬದಲಾವಣೆಗಳ ವಿರುದ್ಧ ಒಂದು ಸಂಘವನ್ನೇ ಕಟ್ಟಿದರು. ಅವರ ಪತ್ರಿಕೆಯ ಹೆಸರು 'ಟೈಟಲ್ ವೇರೀಸ್'. ಹಳೇ ಕಾರ್ಡುಗಳಲ್ಲಿ ಬರೆಯುತ್ತಿದ್ದ 'ಹೆಸರು ಬದಲಾಗುತ್ತಿರುತ್ತದೆ' ಎಂಬ ಟಿಪ್ಪಣಿಯೇ ಅದು. ಅಮೆರಿಕನ್ ಲೈಬ್ರರಿ ಅಸೋಸಿಯೇಷನ್‌ನಲ್ಲಿ ವರ್ಷದ ಅತಿ ಕೆಟ್ಟ ಹೆಸರು ಬದಲಾವಣೆಗೆ ಪ್ರಶಸ್ತಿಯೂ ಇತ್ತು. 2002ರಲ್ಲಿ ಸೂತ್ರವನ್ನು ಸಡಿಲಿಸಿದರು. 'ಮ್ಯಾಗಜೀನ್', 'ಜರ್ನಲ್'ನಂಥ ಪದ ಸೇರಿದರೆ, ಬಿಟ್ಟರೆ, ಕಾಗುಣಿತ ಬದಲಾದರೆ ಅದು ಸಣ್ಣ ಬದಲಾವಣೆ, ಟಿಪ್ಪಣಿ ಸಾಕು. ಕರ್ಣಾಟಕ-ಕರ್ನಾಟಕ ಎರಡನ್ನೂ ಬರೆಯುವ ನಮಗೆ ಇದರಿಂದ ದೊಡ್ಡ ಉಪಕಾರ. 'ಪ್ರಬುದ್ಧ ಕರ್ಣಾಟಕ'ವನ್ನು ಅರ್ಧ ಜನ ನಕಾರ ಹಾಕಿಯೇ ಹುಡುಕುತ್ತಾರೆ.

ಗ್ರಂಥಾಲಯ ವಿಜ್ಞಾನಿ ರಂಗನಾಥನ್ ಅವರನ್ನು ಮರೆತರೆ ಬೆಂಗಳೂರಿನವನಾಗಿ ನನಗೆ ಶೋಭೆಯಲ್ಲ. 1934ರ ತಮ್ಮ ಸೂಚೀ ಸಂಹಿತೆಯಲ್ಲಿ ಅವರು ನಿಯತಕಾಲಿಕಗಳ ಚೇಷ್ಟೆಗಳಿಗೆ ಬೇರೆಯೇ ಜಾಗ ಕೊಟ್ಟರು. ಮೂಲತಃ ಗಣಿತದ ಮೇಷ್ಟ್ರು. ಹೆಸರು ಬದಲು, ಒಡಕು, ಕೂಡಿಕೆ ಇವು ಅವರ ಕಣ್ಣಿಗೆ ಕೂಡು-ಕಳೆಯುವ ಲೆಕ್ಕದ ಹಾಗೆ ಕಂಡಿರಬೇಕು.

ಆ ಲೆಕ್ಕದ ರಸಪಾಕ ಬೇಕಿದ್ದರೆ ಬೆಂಗಳೂರಲ್ಲೇ ಇದೆ. 1934ರಲ್ಲಿ ಸಿ.ವಿ. ರಾಮನ್ ಕಟ್ಟಿದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ 'ಪ್ರೊಸೀಡಿಂಗ್ಸ್' ಮರುವರ್ಷವೇ ಎ, ಬಿ ಎಂದು ಎರಡಾಯಿತು. ಮುಂದೆ ಗಣಿತ, ರಸಾಯನ, ಭೂವಿಜ್ಞಾನ, ಎಂಜಿನಿಯರಿಂಗ್ ಎಂದು ಪಾಲಾಯಿತು. ಎಂಜಿನಿಯರಿಂಗ್ ಪಾಲು 1984ರಲ್ಲಿ 'ಸಾಧನಾ' ಆಯಿತು. ರಸಾಯನದ ಪಾಲು 2004ರಲ್ಲಿ 'ಜರ್ನಲ್ ಆಫ್ ಕೆಮಿಕಲ್ ಸೈನ್ಸಸ್', ಭೂವಿಜ್ಞಾನದ್ದು 2005ರಲ್ಲಿ 'ಜರ್ನಲ್ ಆಫ್ ಅರ್ಥ್ ಸಿಸ್ಟಮ್ ಸೈನ್ಸ್'. ಗಣಿತದವರು ಮಾತ್ರ ಹಿರಿಯರ ಹೆಸರು ಬಿಡಲಿಲ್ಲ. ಈ ಕುಟುಂಬವನ್ನು ಕೊನೆಯ ಹೆಸರಿನ ಒಂದೇ ಕಾರ್ಡಿನಲ್ಲಿ ಬರೆಯಹೊರಟವರಿಗೆ ಯಾವ ಮಗನ ಹೆಸರು ಹಿಡಿಯಬೇಕೆಂದೇ ತೋಚದು.

ಇನ್ನೊಂದು ಚಮತ್ಕಾರವಿದೆ. ರಸಾಯನದ ಪತ್ರಿಕೆ ಹೆಸರು ಬದಲಿಸಿತೇ ಹೊರತು ಸಂಪುಟದ ಲೆಕ್ಕ ಬದಲಿಸಲಿಲ್ಲ. 2003ರ ಸಂಪುಟ 115 'ಪ್ರೊಸೀಡಿಂಗ್ಸ್', ಮರುವರ್ಷದ 116 'ಜರ್ನಲ್'. 116 ನೋಡಿ 'ಜರ್ನಲ್' ಕಾರ್ಡಿನಲ್ಲಿ ಒಂದನೇ ಸಂಪುಟ ಹುಡುಕುವವರಿಗೆ ಅದು ಅಲ್ಲಿ ಸಿಗುವುದಿಲ್ಲ. ಕಾರ್ಡಿನ ಕೆಳಗೆ ಕಣ್ಣು ಹಾಯಿಸಿದರೆ ಹಿಂದಿನ ಹೆಸರಿನ ಸಾಲೊಂದಿರುತ್ತದೆ. ಅದನ್ನು ಹಿಡಿದು ಇನ್ನೊಂದು ಡ್ರಾಯರ್ ಎಳೆಯಬೇಕು.