ಗಿಡುಗ ಎಣಿಸಲು ಗುಡ್ಡವಲ್ಲ, ಬೀಳು ಹೊಲ ಬೇಕು

ಶರತ್ಕಾಲದಲ್ಲಿ ವಲಸೆ ಹೊರಡುವ ಗಿಡುಗ, ಹದ್ದುಗಳ ಎಣಿಕೆ ಎಂದೊಡನೆ ಹಕ್ಕಿಪ್ರಿಯರ ಮನಸ್ಸು ಗುಡ್ಡ ಹತ್ತುತ್ತದೆ. ಅದಕ್ಕೆ ಕಾರಣವಿದೆ. ಅಮೆರಿಕದ ಪೆನ್ಸಿಲ್ವೇನಿಯದಲ್ಲಿರುವ ಹಾಕ್ ಮೌಂಟನ್ನಿನ ನೆತ್ತಿಯ ಮೇಲೆ ಬಂದೂಕಿನವರು ಸಾಲುಗಟ್ಟಿ ಗಿಡುಗಗಳನ್ನು ಹೊಡೆದುರುಳಿಸುತ್ತಿದ್ದರು. 1934ರಲ್ಲಿ ರೊಸಾಲಿ ಎಡ್ಜ್ ಎಂಬ ಮಹಿಳೆ ಆ ಗುಡ್ಡವನ್ನೇ ಗುತ್ತಿಗೆಗೆ ಹಿಡಿದು ಬೇಟೆ ನಿಲ್ಲಿಸಿದರು, ಕಾವಲಿಗೆ ಬಂದವರು ಎಣಿಸತೊಡಗಿದರು. ಎಳೆಯ ಬೋಳು ಹದ್ದುಗಳು ವರ್ಷವರ್ಷಕ್ಕೆ ಕಡಿಮೆಯಾದದ್ದು ಆ ಲೆಕ್ಕದಿಂದ ತಿಳಿಯಿತು. 1962ರಲ್ಲಿ ಲೇಖಕಿ ರೇಚಲ್ ಕಾರ್ಸನ್ ಡಿಡಿಟಿ ಕೀಟನಾಶಕದ ವಿರುದ್ಧ ಬರೆದಾಗ ಅದೂ ಸಾಕ್ಷಿಯಾಯಿತು. ಜಾರ್ಜಿಯದ ಬಟುಮಿಯಲ್ಲಿ 2008ರಿಂದ ಹೀಗೆಯೇ ಎಣಿಸುತ್ತಿದ್ದು, ಒಂದೊಂದು ಋತುವಿನಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿ ಬೇಟೆಹಕ್ಕಿಗಳು ಲೆಕ್ಕಕ್ಕೆ ಸಿಕ್ಕಿವೆ.

ಆದರೆ ಈ ಮಾದರಿಯನ್ನು ಹಾಗೇ ತಂದು ಗಜೇಂದ್ರಗಡದ ಬಳಿಯ ರಾಜೂರಿನಲ್ಲಿ ನೆಡಲು ಬರುವುದಿಲ್ಲ.

ಬಟುಮಿಯ ಒಂದು ಮಗ್ಗುಲಿಗೆ ಕಪ್ಪು ಸಮುದ್ರ, ಇನ್ನೊಂದಕ್ಕೆ ಕಾಕಸಸ್ ಪರ್ವತ. ನಡುವಿನ ಇಕ್ಕಟ್ಟಿನಲ್ಲೇ ಹಕ್ಕಿಗಳು ದಾಟಬೇಕು. ಗಜೇಂದ್ರಗಡದ ಗುಡ್ಡಸಾಲಿನ ಮೇಲೆ ನಿಂತು ರೋಣ, ನರಗುಂದದ ದಿಕ್ಕಿಗೆ ನೋಡಿದರೆ ಅಂಥ ಇಕ್ಕಟ್ಟು ಎಲ್ಲೂ ಇಲ್ಲ. ಎರಿ ಭೂಮಿ ಬಾನಂಚಿನವರೆಗೆ ಹಾಸಿಕೊಂಡಿದೆ. ಹಕ್ಕಿಗಳು ಚದುರಿ ಬರುತ್ತವೆ. ಅದಕ್ಕಿಂತ ಮುಖ್ಯವಾಗಿ, ಹ್ಯಾರಿಯರ್ ಅಥವಾ ಸೆಳೆವ ಎಂದು ಪಕ್ಷಿಪುಸ್ತಕಗಳು ಕರೆಯುವ ನೀಳರೆಕ್ಕೆಯ ಗಿಡುಗಗಳಿಗೆ ದಖನ್ನಿನ ಬಯಲು ಬರೀ ದಾರಿಯಲ್ಲ, ಚಳಿಗಾಲದ ಮನೆ. ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಂದ ಬಂದು ಹಿಂಗಾರಿ ಜೋಳ, ಕಡ್ಲಿ, ಕುಸುಬಿಯ ಹೊಲಗಳ ಮೇಲೆ ತಗ್ಗಿನಲ್ಲಿ ತೇಲುತ್ತ ಮಿಡತೆ, ಇಲಿ, ಚಿಕ್ಕ ಹಕ್ಕಿ ಹಿಡಿಯುತ್ತವೆ.

ಇವುಗಳನ್ನು ಎಣಿಸುವ ಉಪಾಯ ಅವುಗಳ ನಿದ್ದೆಯಲ್ಲಿದೆ. ಬಹುತೇಕ ಗಿಡುಗಗಳು ಮರದಲ್ಲಿ ರಾತ್ರಿ ಕಳೆದರೆ ಸೆಳೆವಗಳು ನೆಲದ ಮೇಲೆ, ಹುಲ್ಲಿನ ನಡುವೆ, ಗುಂಪಾಗಿ ಮಲಗುತ್ತವೆ. ಹಗಲೆಲ್ಲ ಒಂಟಿಯಾಗಿ ಅಲೆದವು ಹೊತ್ತು ಮುಳುಗುವಾಗ ಒಂದೇ ಬೀಳಿಗೆ ಇಳಿಯುತ್ತವೆ. ದೂರದಲ್ಲಿ ಸದ್ದಿಲ್ಲದೆ ಕೂತು ಎಣಿಸಿದರೆ ಸುತ್ತಲಿನ ಸೀಮೆಯ ಹಕ್ಕಿಗಳ ಲೆಕ್ಕ ಒಂದೇ ಸಂಜೆಗೆ ಸಿಗುತ್ತದೆ. ಗುಜರಾತಿನ ವೇಳಾವದರ, ಆಂಧ್ರದ ರೊಳ್ಳಪಾಡು ಇಂಥ ತಂಗುದಾಣಗಳಿಗೂ ಹೆಸರಾಗಿವೆ.

ಬೆಂಗಳೂರಿನ ಏಟ್ರೀ ಸಂಸ್ಥೆಯ ಟಿ. ಗಣೇಶ್ ಮತ್ತು ಪ್ರಶಾಂತ್ ದೇಶದ ಈ ಬಗೆಯ ಲೆಕ್ಕಗಳನ್ನು ಒಂದೆಡೆ ತಂದು 2018ರಲ್ಲಿ ‘ಆರ್ಡಿಯಾ’ ಪತ್ರಿಕೆಯಲ್ಲಿ ಪ್ರಕಟಿಸಿದರು. ಮೂವತ್ತು ವರ್ಷಗಳ ಅವಧಿಯಲ್ಲಿ ಸೆಳೆವಗಳು ಕುಸಿದಿರುವಂತೆ ಕಾಣುತ್ತದೆ ಎಂಬುದು ಅದರ ಸಾರ. ಬಹಳ ಬೆಲೆಬಾಳುವ ಕೆಲಸ ಇದು. ‘ಕುಸಿದಿವೆ’ ಎಂದು ಅವರು ತೀರ್ಪು ಕೊಡದೆ, ಅಂಕಿಗಳು ಹಾಗೆ ಸೂಚಿಸುತ್ತವೆ ಎಂದಷ್ಟೇ ಹೇಳಿದ್ದು ಇನ್ನೂ ದೊಡ್ಡದು.

ಏಕೆಂದರೆ ವಿಧಾನಕ್ಕೆ ಮಿತಿಗಳಿವೆ. ಮಾಂಟೇಗೂ ಮತ್ತು ಪ್ಯಾಲಿಡ್ ಸೆಳೆವಗಳ ಗಂಡುಗಳನ್ನು ರೆಕ್ಕೆಯ ಕಪ್ಪಿನಿಂದ ಬೇರ್ಪಡಿಸಬಹುದು. ಕಂದು ಮೈ, ಬಿಳಿ ಸೊಂಟದ ಹೆಣ್ಣು ಮತ್ತು ಮರಿಗಳನ್ನು ಮಬ್ಬು ಬೆಳಕಿನಲ್ಲಿ ಗುರುತಿಸುವುದು ಪಳಗಿದವರಿಗೂ ಕಷ್ಟ. ಹುಲ್ಲು ಕೊಯ್ದರೆ, ಬೆಂಕಿ ಬಿದ್ದರೆ ಹಕ್ಕಿಗಳು ತಂಗುದಾಣ ಬದಲಿಸುತ್ತವೆ. ಹಳೇ ಜಾಗ ಖಾಲಿಯಾಯಿತೆಂದರೆ ಹಕ್ಕಿ ಸತ್ತವೋ, ನಾಲ್ಕು ಹರದಾರಿ ಆಚೆ ಮಲಗಿದವೋ? ಒಂದೇ ಸಂಜೆಯ ಲೆಕ್ಕ ಇದಕ್ಕೆ ಉತ್ತರ ಕೊಡುವುದಿಲ್ಲ.

ದೊಡ್ಡ ಕೊರತೆ ಬೇರೆಯೇ ಇದೆ. ಹಕ್ಕಿ ಸಿಕ್ಕಲ್ಲಿಗೆ ಜನ ಕ್ಯಾಮೆರಾ ಹಿಡಿದು ಹೋಗುತ್ತಾರೆ, ಸಿಗದ ಸಂಜೆಯನ್ನು ಬರೆದಿಡುವುದಿಲ್ಲ. ಸೊನ್ನೆಯನ್ನೂ ಬರೆದಾಗಲೇ ಎಣಿಕೆ ಎಣಿಕೆಯಾಗುತ್ತದೆ. ಯಾವ ಬೀಳು ಉಳುಮೆಗೆ ಹೋಯಿತು, ಎಲ್ಲಿ ಹುಲ್ಲು ಉಳಿದಿದೆ ಎಂಬುದು ಕುರಿ ಮೇಯಿಸುವವರಿಗೆ ಗೊತ್ತು. ಅವರನ್ನು ದಾರಿ ತೋರಿಸಲಷ್ಟೇ ಕರೆದು, ಎಣಿಸುವವರ ಸಾಲಿನಿಂದ ಹೊರಗಿಟ್ಟರೆ ಆ ತಿಳಿವಳಿಕೆ ದಾಖಲೆಗೆ ಬರುವುದೇ ಇಲ್ಲ. ಕಾಗದದಲ್ಲಿ ‘ಪಾಳು’ ಎನಿಸಿಕೊಂಡ ಹುಲ್ಲುನೆಲಕ್ಕೆ ಗಾಳಿಯಂತ್ರ, ಸೋಲಾರ್ ಬರುವ ಮುನ್ನ ತೋರಿಸಲು ಒಂದು ಅಂಕಿಯಾದರೂ ಊರವರ ಕೈಯಲ್ಲಿರಬೇಕು.

ರಾಜೂರಿನ ಶಾಲೆಯ ಮೇಷ್ಟ್ರು, ಕುರಿಗಾರರು, ಕಾಲೇಜು ಹುಡುಗರು ಶೀಗಿ ಹುಣ್ಣಿವಿಯಿಂದ ಎಳ್ಳಮಾಸಿಯವರೆಗೆ ಹದಿನೈದು ದಿನಕ್ಕೊಮ್ಮೆ ಅದೇ ಬೀಳುಗಳ ಅಂಚಿಗೆ ಹೋಗಿ ಕೂಡಲಿ. ಜಾತಿ ಗುರುತು ಸಿಗದಿದ್ದರೆ ‘ಸೆಳೆವ’ ಎಂದಷ್ಟೇ ಬರೆಯಲಿ, ಒಂದೂ ಬಾರದಿದ್ದರೆ ಅದನ್ನೂ ತಾರೀಖಿನ ಸಮೇತ ಬರೆಯಲಿ. ಒಂದು ದುರ್ಬೀನು, ಒಂದು ನೋಟ್‌ಬುಕ್ ಸಾಕು. ಈ ವರ್ಷವೇ ಶುರು ಮಾಡಬಹುದು.